ಮೆದುಳಿನ ಶೇ. 90 ಭಾಗ ಖಾಲಿ ಕೂತಿದೆಯೇ? ಡಾ. ವೈಲ್ಡರ್ ಪೆನ್‌ಫೀಲ್ಡ್ ಬದುಕು ಹೇಳುವ ಸತ್ಯ

ಮನುಷ್ಯ ತನ್ನ ಮೆದುಳಿನ ಶೇ. 10ರಷ್ಟನ್ನು ಮಾತ್ರ ಬಳಸುತ್ತಾನೆ, ಉಳಿದ ಶೇ. 90 ಸುಮ್ಮನೆ ಮಲಗಿರುತ್ತದೆ ಎಂಬ ಫಾರ್ವರ್ಡ್ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ನಂಬಿಕೆ ಬರಲಿ ಎಂದು ಕೆಲವರು ಐನ್‌ಸ್ಟೈನ್ ಹೆಸರನ್ನೂ ಸೇರಿಸಿ ಕಳಿಸುತ್ತಾರೆ. ಇದು ಸುಳ್ಳು. ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟಿರುವ ಮೆದುಳು, ನಾವು ಸುಮ್ಮನೆ ಕುಳಿತಿದ್ದಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಬಳಸುತ್ತದೆ. ಕೆಲಸವಿಲ್ಲದೆ ಮಲಗಿದ ಅಂಗಕ್ಕೆ ಇಷ್ಟು ಊಟ ಯಾಕೆ ಬೇಕು?

ಹಾಗಾದರೆ ಯಾವ ಭಾಗ ಏನು ಮಾಡುತ್ತದೆ ಎಂದು ಗೊತ್ತಾಗಿದ್ದು ಹೇಗೆ? ಒಬ್ಬ ವಿಜ್ಞಾನಿ ಒಂದು ದಿನ ಕಂಡುಹಿಡಿದದ್ದಲ್ಲ. ಬೇರೆ ಬೇರೆ ಪ್ರಯೋಗಾಲಯಗಳನ್ನು ಒಂದೇ ಸೂರಿನಡಿ ತಂದು ಕೂಡಿಸಿದ ಒಬ್ಬ ವೈದ್ಯರ ಬದುಕಿನಲ್ಲಿ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುತ್ತದೆ.

ಮೂರು ದೇಶಗಳಲ್ಲಿ ಹರಡಿದ್ದ ವಿದ್ಯೆ

ವೈಲ್ಡರ್ ಪೆನ್‌ಫೀಲ್ಡ್ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪೋಕೇನ್ ಊರಿನಲ್ಲಿ. ಮೆದುಳಿನ ಶಸ್ತ್ರಚಿಕಿತ್ಸಕನಾಗಲು ಹೊರಟವರಿಗೆ ಬೇಗನೆ ಒಂದು ತೊಡಕು ಕಾಣಿಸಿತು. ನರಗಳು ಹೇಗೆ ಕೆಲಸ ಮಾಡುತ್ತವೆ ಎಂದು ಕಲಿತದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ, ಶೆರಿಂಗ್ಟನ್ ಬಳಿ. ಮೆದುಳಿನ ಜೀವಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿದ್ಯೆಗಾಗಿ 1924ರಲ್ಲಿ ಸ್ಪೇನ್‌ಗೆ ಹೋದರು. ಫಿಟ್ಸ್ ಬರುವವರಿಗೆ ಮಾಡುವ ಆಪರೇಷನ್ ಕಲಿಯಲು 1928ರಲ್ಲಿ ಜರ್ಮನಿಗೆ ಹೋದರು. ಒಬ್ಬ ರೋಗಿಗೆ ಈ ಮೂರೂ ವಿದ್ಯೆ ಬೇಕು. ಆದರೆ ಬಲ್ಲವರೆಲ್ಲ ಒಂದೊಂದು ದೇಶದಲ್ಲಿ!

ಅಕ್ಕನ ಅಡುಗೆಮನೆ

1928ರಲ್ಲಿ ಪೆನ್‌ಫೀಲ್ಡ್ ಕೆನಡಾದ ಮಾಂಟ್ರಿಯಲ್‌ಗೆ ಬಂದರು. ಅದೇ ವರ್ಷ ಅವರ ಅಕ್ಕ ರೂತ್‌ಗೆ ಮೆದುಳಿನಲ್ಲಿ ಗೆಡ್ಡೆ ಇರುವುದು ಗೊತ್ತಾಯಿತು. ಅವರೇ ಆಪರೇಷನ್ ಮಾಡಿದರು. ಹಣೆಯ ಹಿಂದಿರುವ ಮೆದುಳಿನ ಬಲಭಾಗವನ್ನು ಬಹುಪಾಲು ತೆಗೆಯಬೇಕಾಯಿತು. ಗೆಡ್ಡೆ ಮಾತ್ರ ಪೂರ್ತಿ ಬರಲಿಲ್ಲ.

ರೂತ್ ಚೇತರಿಸಿಕೊಂಡು ಮನೆಗೆ ಹೋದರು. ಮಾತು, ನಡಿಗೆ, ನೆನಪು ಎಲ್ಲ ಸರಿಯಿತ್ತು. ಸುಮಾರು ಒಂದೂಕಾಲು ವರ್ಷದ ನಂತರ ಒಂದು ಸಂಜೆ ಮನೆಯ ನಾಲ್ವರಿಗೂ ಒಬ್ಬ ಅತಿಥಿಗೂ ಊಟ ಸಿದ್ಧಮಾಡಲು ಹೊರಟರು. ಇಡೀ ದಿನ ಸಮಯವಿತ್ತು. ಊಟದ ಹೊತ್ತಿಗೆ ನೋಡಿದರೆ ಸಾಮಾನೆಲ್ಲ ಅಡುಗೆಮನೆಯಲ್ಲೇ ಇದೆ, ಒಂದೆರಡು ಪಾತ್ರೆ ಒಲೆಯ ಮೇಲಿವೆ, ಮಾಂಸ ಬೇಯಲು ಇಟ್ಟೇ ಇಲ್ಲ. ಅವರು ಗೊಂದಲದಲ್ಲಿ ನಿಂತಿದ್ದರು. ಒಂದೊಂದು ಕೆಲಸವೂ ಅವರಿಗೆ ಬರುತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೊಂದಿಸುವುದು ಮಾತ್ರ ಆಗುತ್ತಿರಲಿಲ್ಲ. ಯಾರಾದರೂ ಜೊತೆಗೆ ನಿಂತರೆ ಕೆಲಸ ಬೇಗ ಮುಗಿಯುತ್ತಿತ್ತು.

ಹೊರಗಿನಿಂದ ನೋಡಿದವರಿಗೆ ಏನೂ ಕಡಿಮೆಯಾಗಿಲ್ಲ ಅನ್ನಿಸುವಂಥ ಆ ಭಾಗಕ್ಕೂ ಇಷ್ಟು ದೊಡ್ಡ ಕೆಲಸವಿತ್ತು. ಗೆಡ್ಡೆ ಮತ್ತೆ ಬೆಳೆಯಿತು, ರೂತ್ ಹೆಚ್ಚು ಕಾಲ ಬದುಕಲಿಲ್ಲ.

ಒಂದೇ ಸೂರು, ಹಲವು ಲ್ಯಾಬ್

ಎಲ್ಲ ವಿದ್ಯೆಯೂ ಒಂದೇ ಕಡೆ ಇರಬೇಕು ಎಂಬ ಹಟ ಪೆನ್‌ಫೀಲ್ಡ್‌ಗೆ ಗಟ್ಟಿಯಾಯಿತು. ರಾಕ್‌ಫೆಲರ್ ಫೌಂಡೇಶನ್‌ಗೆ ಬರೆದರು. ಮೊದಲ ಸಲ ಇಲ್ಲ ಎಂದರು. ಬಿಡದೆ ಯೋಜನೆ ತಿದ್ದಿ ಮತ್ತೆ ಕೇಳಿದರು. 1932ರಲ್ಲಿ 12 ಲಕ್ಷ ಡಾಲರ್‌ಗೂ ಹೆಚ್ಚು ಹಣ ಮಂಜೂರಾಯಿತು. ಕ್ವಿಬೆಕ್ ಪ್ರಾಂತ್ಯದ ಸರ್ಕಾರ, ಮಾಂಟ್ರಿಯಲ್ ನಗರಾಡಳಿತ, ದಾನಿಗಳು ಎಲ್ಲರನ್ನೂ ಒಪ್ಪಿಸಿ 1934ರಲ್ಲಿ ಮಾಂಟ್ರಿಯಲ್ ನ್ಯೂರೊಲಾಜಿಕಲ್ ಇನ್‌ಸ್ಟಿಟ್ಯೂಟ್ ತೆರೆದರು.

ಅಲ್ಲಿ ಆಪರೇಷನ್ ನಡೆಯುತ್ತಿದ್ದ ರೀತಿ ನೋಡಿ. ತಲೆಯ ಚರ್ಮಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್, ರೋಗಿಗೆ ಪೂರ್ತಿ ಎಚ್ಚರ. ಮೆದುಳಿಗೆ ನೋವು ಗೊತ್ತಾಗುವುದಿಲ್ಲ. ಪೆನ್‌ಫೀಲ್ಡ್ ಸಣ್ಣ ವಿದ್ಯುತ್ ಸ್ಪರ್ಶ ಕೊಟ್ಟಾಗ ಒಂದು ಕಡೆ ಬೆರಳು ಅಲುಗುತ್ತಿತ್ತು, ಇನ್ನೊಂದು ಕಡೆ ಮಾತು ನಿಲ್ಲುತ್ತಿತ್ತು. ಆ ಜಾಗದ ಮೇಲೆ ನಂಬರ್ ಬರೆದ ಪುಟ್ಟ ಚೀಟಿ ಇಡುತ್ತಿದ್ದರು. ಅವರು ಹೇಳಿದ್ದನ್ನು ಕಾರ್ಯದರ್ಶಿ ಬರೆದುಕೊಳ್ಳುತ್ತಿದ್ದರು, ಫೋಟೋ ತೆಗೆಯಲಾಗುತ್ತಿತ್ತು. 1938ರಿಂದ ಹರ್ಬರ್ಟ್ ಜಾಸ್ಪರ್ ಇಇಜಿ ಯಂತ್ರದಲ್ಲಿ ಮೆದುಳಿನ ಅಲೆಗಳನ್ನು ದಾಖಲಿಸತೊಡಗಿದರು. ತೆಗೆದ ತುಣುಕು ಸೂಕ್ಷ್ಮದರ್ಶಕದ ಲ್ಯಾಬ್‌ಗೆ ಹೋಗುತ್ತಿತ್ತು. ಹೀಗೆ ಒಬ್ಬ ರೋಗಿಯ ಬಗ್ಗೆ ಎಲ್ಲ ವಿಭಾಗದ ಲೆಕ್ಕವೂ ಒಂದೆಡೆ ಸೇರುತ್ತಿತ್ತು. ಚೀಟಿ, ನಂಬರ್, ಕಡತ ಕೇಳಲು ಗುಮಾಸ್ತಿಕೆ ಅನ್ನಿಸಬಹುದು. ಇಂದಿಗೂ ಪಠ್ಯಪುಸ್ತಕಗಳಲ್ಲಿರುವ ಮೆದುಳಿನ ನಕ್ಷೆ ಬೆಳೆದದ್ದು ಅದರಿಂದಲೇ.

ತಪ್ಪು ಹಿಡಿದವರೂ ಒಳಗಿನವರೇ

1950ರಲ್ಲಿ ಬ್ರೆಂಡಾ ಮಿಲ್ನರ್ ಎಂಬ ಯುವ ಮನಶ್ಶಾಸ್ತ್ರಜ್ಞೆ ಅಲ್ಲಿಗೆ ಬಂದರು. ಆಪರೇಷನ್‌ಗೆ ಮೊದಲು ಮತ್ತು ನಂತರ ರೋಗಿಗಳ ಬುದ್ಧಿಶಕ್ತಿ, ನೆನಪು ಪರೀಕ್ಷಿಸುವುದು ಅವರ ಕೆಲಸ. ಕಿವಿಯ ಪಕ್ಕದ ಭಾಗದಲ್ಲಿ ಆಪರೇಷನ್ ಆದ ಇಬ್ಬರಿಗೆ ಹೊಸದೇನೂ ನೆನಪಿನಲ್ಲಿ ಉಳಿಯುತ್ತಿಲ್ಲ ಎಂಬುದು ಗೊತ್ತಾಯಿತು. ಅದು ಪೆನ್‌ಫೀಲ್ಡ್ ಕೈಯಿಂದಲೇ ಆದ ಹಾನಿ.

ಅವರು ಅದನ್ನು ಮುಚ್ಚಿಡಲಿಲ್ಲ. 1955ರಲ್ಲಿ ಮಿಲ್ನರ್ ಜೊತೆ ಸೇರಿ ವೈದ್ಯರ ಸಭೆಯ ಮುಂದಿಟ್ಟರು. ಇನ್ನೊಂದು ಬದಿಯ ಹಿಪೊಕ್ಯಾಂಪಸ್ ಮೊದಲೇ ಹಾಳಾಗಿದ್ದಿರಬೇಕು, ಕೆಲಸ ಮಾಡುತ್ತಿದ್ದ ಒಂದನ್ನೇ ತಾವು ತೆಗೆದಿರಬೇಕು ಎಂದು ಇಬ್ಬರೂ ಊಹಿಸಿದರು. ಅವರಲ್ಲಿ ಒಬ್ಬರು ತೀರಿಕೊಂಡ ಮೇಲೆ ಮೆದುಳು ಪರೀಕ್ಷಿಸಿದಾಗ ಊಹೆ ನಿಜವಾಗಿತ್ತು. ಇದನ್ನು ಓದಿದ ಅಮೆರಿಕದ ಸರ್ಜನ್ ಒಬ್ಬರು ತಮ್ಮ ರೋಗಿಗೂ ಹೀಗೇ ಆಗಿದೆ ಎಂದು ತಿಳಿಸಿದರು. ನೆನಪಿನ ಸಂಶೋಧನೆಯ ದಿಕ್ಕನ್ನೇ ಬದಲಿಸಿದ ಹೆನ್ರಿ ಮೊಲೈಸನ್ ಅವರೇ ಆ ರೋಗಿ. ಮಾಂಟ್ರಿಯಲ್‌ಗೆ ಬಂದಿದ್ದ ಜಪಾನಿನ ಜುನ್ ವಾಡಾ ರೂಪಿಸಿದ್ದ ಒಂದು ಪರೀಕ್ಷೆಯನ್ನು ಮುಂದೆ ನೆನಪಿನ ಪರೀಕ್ಷೆಗೂ ಬಳಸಲಾಯಿತು. ಆಪರೇಷನ್‌ಗೆ ಮೊದಲೇ ಅಪಾಯ ಅಂದಾಜಿಸುವ ದಾರಿ ಸಿಕ್ಕಿತು.

ಸರ್ಜನ್ ಒಬ್ಬರೇ ಇದ್ದಿದ್ದರೆ ಗಾಯ ಮಾಗಿದೆ, ಫಿಟ್ಸ್ ಕಡಿಮೆಯಾಗಿದೆ ಎಂದು ಕಡತ ಮುಚ್ಚಬಹುದಿತ್ತು. ಪಕ್ಕದ ಕೋಣೆಯಲ್ಲಿ ಬೇರೆ ಪ್ರಶ್ನೆ ಕೇಳುವವರು ಇದ್ದುದರಿಂದ ಸತ್ಯ ಹೊರಬಂತು.

ಪೆನ್‌ಫೀಲ್ಡ್ 1960ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು. 1976ರಲ್ಲಿ ತೀರಿಕೊಂಡರು. ಅವರ ಜೊತೆಗಾರ ಜಾಸ್ಪರ್, ಹಲವು ದೇಶಗಳ ಮೆದುಳು ಸಂಶೋಧಕರನ್ನು ಜೋಡಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಬಿಆರ್‌ಒ ಕಟ್ಟಲು ದುಡಿದರು.

ಕೊನೆಯದಾಗಿ

ಪೆನ್‌ಫೀಲ್ಡ್ ವಿದ್ಯುತ್ ಸ್ಪರ್ಶ ಕೊಟ್ಟಾಗ ಎಷ್ಟೋ ಜಾಗಗಳಲ್ಲಿ ಏನೂ ಆಗುತ್ತಿರಲಿಲ್ಲ, ನಿಜ. ಆದರೆ ಉತ್ತರ ಕೊಡದ ಜಾಗ ಖಾಲಿ ಜಾಗವಲ್ಲ ಎಂಬುದನ್ನು ರೂತ್ ಅವರ ಅಡುಗೆಮನೆ ತೋರಿಸಿತ್ತು. ಒಟ್ಟಿಗೆ ಹೊಂದಿಸುವ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಅದು ನಿಂತಾಗಲೇ ಅದರ ಬೆಲೆ ಗೊತ್ತಾಗುವುದು. ಮುಂದಿನ ಸಲ ಶೇ. 10ರ ಫಾರ್ವರ್ಡ್ ಬಂದರೆ ಅದನ್ನು ಮುಂದಕ್ಕೆ ತಳ್ಳಬೇಡಿ. ಕಳಿಸಿದವರಿಗೆ ಈ ಕಥೆ ಕಳಿಸಿ.