ಬೆಟ್ಟಗುಡ್ಡಗಳೇ ಪಾಠಶಾಲೆಯಾದಾಗ: ಇಬ್ನುಲ್ ಬೈತಾರ್

ಮಳೆಗಾಲದಲ್ಲಿ ನಮ್ಮ ಹೊಲದ ಬದುಗಳಲ್ಲಿ ತಾನಾಗಿಯೇ ಹರಡುವ ಗೋಣಿ ಸೊಪ್ಪನ್ನು ನೀವೆಲ್ಲ ನೋಡಿರಬಹುದು. ಉರ್ದು ಮಾತಾಡುವ ಮನೆಗಳಲ್ಲಿ ಅದಕ್ಕೆ ಕುಲ್ಫಾ ಎನ್ನುತ್ತಾರೆ. ಅರಬ್ಬೀ ವೈದ್ಯಗ್ರಂಥಗಳಲ್ಲಿ ಅದರ ಹೆಸರು ರಿಜ್ಲಾ. ಉರ್ದು ಮತ್ತು ಕನ್ನಡ ಎರಡನ್ನೂ ಪಾಠ ಮಾಡುವ ನನಗೆ ಈ ಹೆಸರುಗಳ ಗೊಂದಲ ದಿನವೂ ಎದುರಾಗುತ್ತದೆ. ಗಿಡ ಒಂದೇ, ಹೆಸರು ಹಲವು. ಕೆಲವೊಮ್ಮೆ ಹೆಸರು ಒಂದೇ, ಗಿಡ ಬೇರೆ! ಮೊದಲನೆಯದರಿಂದ ಹೆಚ್ಚೆಂದರೆ ಗೊಂದಲವಾಗುತ್ತದೆ. ಎರಡನೆಯದರಿಂದ ಪ್ರಾಣಕ್ಕೇ ಅಪಾಯ. ಸುಮಾರು 800 ವರ್ಷಗಳ ಹಿಂದೆ ಈ ಸಮಸ್ಯೆಯನ್ನು ಬಿಡಿಸಲು ತಮ್ಮ ಇಡೀ ಬದುಕನ್ನು ಮುಡಿಪಾಗಿಟ್ಟ ಮಹಾನ್ ವಿದ್ವಾಂಸರೇ ಇಬ್ನುಲ್ ಬೈತಾರ್.

ಅವರ ಪೂರ್ಣ ಹೆಸರು ಝಿಯಾವುದ್ದೀನ್ ಅಬೂ ಮುಹಮ್ಮದ್ ಅಬ್ದುಲ್ಲಾ ಇಬ್ನ್ ಅಹ್ಮದ್. ಬೈತಾರ್ ಎಂದರೆ ಪಶುವೈದ್ಯ. ಇಬ್ನುಲ್ ಬೈತಾರ್ ಎಂದರೆ ಪಶುವೈದ್ಯನ ಮಗ. 12ನೇ ಶತಮಾನದ ಕೊನೆಯಲ್ಲಿ, ಸುಮಾರು 1197ರಲ್ಲಿ, ಈಗಿನ ಸ್ಪೇನ್ ದೇಶದ ಮಾಲಗಾದಲ್ಲಿ ಅವರು ಜನಿಸಿದರು. ಆ ನಾಡನ್ನು ಆಗ ಅಂದಲುಸ್ ಎಂದು ಕರೆಯುತ್ತಿದ್ದರು.

ವಿದ್ಯಾಭ್ಯಾಸಕ್ಕಾಗಿ ಅವರು ಇಶ್ಬೀಲಿಯಾ, ಅಂದರೆ ಇಂದಿನ ಸೆವಿಲ್ ನಗರಕ್ಕೆ ಬಂದರು. ಅಲ್ಲಿ ಅವರಿಗೆ ದೊರೆತ ಉಸ್ತಾದರು ಅಬುಲ್ ಅಬ್ಬಾಸ್ ಅನ್ನಬಾತಿ. ಹದೀಸ್ ವಿದ್ವಾಂಸರಾಗಿದ್ದ ಇವರು ಸಸ್ಯಗಳ ವಿಷಯದಲ್ಲೂ ಅಷ್ಟೇ ಪಂಡಿತರು. ಹದೀಸನ್ನು ಯಾರಿಂದ ಕೇಳಿದ್ದು, ಅವರು ಯಾರಿಂದ ಕೇಳಿದ್ದು ಎಂದು ವಿಚಾರಿಸುವ ಶಿಸ್ತಿನಲ್ಲಿ ಬೆಳೆದ ಗುರುಗಳು ಗಿಡಗಳ ಬಗ್ಗೆಯೂ ಕಣ್ಣಾರೆ ಕಂಡದ್ದಕ್ಕೇ ಹೆಚ್ಚು ಬೆಲೆ ಕೊಡುತ್ತಿದ್ದರು. ಇಬ್ನುಲ್ ಬೈತಾರ್ ಈ ಗುರುಗಳೊಡನೆ ಸೆವಿಲ್‌ನ ಸುತ್ತಲಿನ ಹಳ್ಳಿಗಾಡಿನಲ್ಲಿ ಅಲೆದು ಗಿಡಗಳನ್ನು ಸಂಗ್ರಹಿಸಿದರು. ಎಲೆ, ಹೂವು, ಬೀಜ, ಬೇರುಗಳನ್ನು ಬೆಳೆಯುವ ಜಾಗದಲ್ಲೇ ನೋಡಿ ಗುರುತಿಸುವುದು ಅವರ ಮೊದಲ ಪಾಠವಾಯಿತು.

ಇದು ಏಕೆ ಅಷ್ಟು ಮುಖ್ಯ? ಕೊತ್ತಂಬರಿಯ ಕುಟುಂಬವನ್ನೇ ತೆಗೆದುಕೊಳ್ಳಿ. ಜೀರಿಗೆ, ಸೋಂಪು ಮುಂತಾದ ಉಪಯುಕ್ತ ಗಿಡಗಳು ಇದೇ ಕುಟುಂಬದವು. ಮೆಡಿಟರೇನಿಯನ್ ನಾಡುಗಳಲ್ಲಿ ಬೆಳೆಯುವ ಹೆಮ್‌ಲಾಕ್ ಎಂಬ ಘೋರ ವಿಷದ ಗಿಡವೂ ಇದೇ ಕುಟುಂಬದ್ದು. ಎಲೆಯ ರೂಪವೊಂದನ್ನೇ ನಂಬಿ ಕಿತ್ತವನಿಗೆ ಎರಡನೆಯ ಅವಕಾಶ ಸಿಗಲಾರದು.

ಆ ಕಾಲದ ಸಸ್ಯಜ್ಞಾನಕ್ಕೆ ಮೂಲಗ್ರಂಥವೆಂದರೆ ಕ್ರಿ.ಶ. ಮೊದಲನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೋರಿಡಿಸ್ ಬರೆದ ಪುಸ್ತಕ. ಅದು 9ನೇ ಶತಮಾನದಲ್ಲಿ ಬಗ್ದಾದಿನಲ್ಲಿ ಅರಬ್ಬೀ ಭಾಷೆಗೆ ಬಂದಿತ್ತು. ಆದರೆ ಅನೇಕ ಗಿಡಗಳಿಗೆ ಅರಬ್ಬೀ ಹೆಸರು ತಿಳಿಯದೆ ಅನುವಾದಕರು ಗ್ರೀಕ್ ಹೆಸರುಗಳನ್ನೇ ಅರಬ್ಬೀ ಅಕ್ಷರಗಳಲ್ಲಿ ಬರೆದು ಬಿಟ್ಟಿದ್ದರು. ಹೆಸರು ಓದಬಹುದು, ಆದರೆ ಗಿಡ ಯಾವುದು? ಇದಕ್ಕೆ ಉತ್ತರ ಪುಸ್ತಕದಲ್ಲಿರಲಿಲ್ಲ.

ಉತ್ತರ ಹುಡುಕುತ್ತಾ ಇಬ್ನುಲ್ ಬೈತಾರ್ ಸುಮಾರು 1219ರಲ್ಲಿ ಊರು ಬಿಟ್ಟು ಹೊರಟರು. ಉತ್ತರ ಆಫ್ರಿಕದ ಕರಾವಳಿಯುದ್ದಕ್ಕೂ ಬಿಜಾಯ, ಟ್ಯೂನಿಸ್, ಟ್ರಿಪೋಲಿಗಳನ್ನು ಹಾದು, ಈಗಿನ ಟರ್ಕಿಯ ಪ್ರದೇಶವನ್ನೂ ಕಂಡು, ಮುಂದೆ ಈಜಿಪ್ಟ್ ತಲುಪಿದರು. ಹೋದಲ್ಲೆಲ್ಲ ಗಿಡ ಬಲ್ಲವರನ್ನು ವಿಚಾರಿಸಿದರು. ಬಿಜಾಯದ ಕಡೆಯ ಬರ್ಬರ್ ಬುಡಕಟ್ಟಿನವರು ತೊನ್ನಿಗೆ ಒಂದು ಕಾಡುಗಿಡದ ಬೀಜವನ್ನು ಕೊಟ್ಟು, ಕಲೆಯಿರುವ ಭಾಗವನ್ನು ಬಿಸಿಲಿಗೆ ಒಡ್ಡಿಸುತ್ತಿದ್ದ ಚಿಕಿತ್ಸೆಯನ್ನು ಅವರು ದಾಖಲಿಸಿದ್ದಾರೆ. ಆ ಗಿಡವನ್ನು ಬರ್ಬರ್ ಭಾಷೆಯಲ್ಲಿ ಅತ್ರಿಲಾಲ್, ಅಂದರೆ ಹಕ್ಕಿಯ ಕಾಲು ಎನ್ನುತ್ತಿದ್ದರು. 1940ರ ದಶಕದಲ್ಲಿ ಈಜಿಪ್ಟಿನ ವಿಜ್ಞಾನಿಗಳು ಅದೇ ಗಿಡದಿಂದ ಮೆಥಾಕ್ಸಲೆನ್ ಎಂಬ ಔಷಧಿಯನ್ನು ಬೇರ್ಪಡಿಸಿ ತೊನ್ನಿನ ಚಿಕಿತ್ಸೆಯಲ್ಲಿ ಬಳಸಿದರು. ಅತಿಯಾದರೆ ಚರ್ಮವನ್ನೇ ಸುಡುವ ಔಷಧಿಯಾದ್ದರಿಂದ ಇದನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಯಾರೂ ಬಳಸಬಾರದು.

ಈಜಿಪ್ಟಿನ ಅಯ್ಯೂಬಿ ಸುಲ್ತಾನ್ ಅಲ್ ಕಾಮಿಲ್ ಅವರ ಪಾಂಡಿತ್ಯವನ್ನು ಗುರುತಿಸಿ ಗಿಡಮೂಲಿಕೆಯವರೆಲ್ಲರ ಮುಖ್ಯಸ್ಥರನ್ನಾಗಿ ನೇಮಿಸಿದರು. ದೊಡ್ಡ ಪದವಿ ಬಂದರೂ ಅವರು ಅರಮನೆಯಲ್ಲಿ ಕುಳಿತುಬಿಡಲಿಲ್ಲ. ಮುಂದೆ ದಮಸ್ಕಸ್‌ನಲ್ಲಿದ್ದಾಗ ಇಬ್ನ್ ಅಬೀ ಉಸೈಬಿಯಾ ಎಂಬ ಯುವ ವೈದ್ಯರು ಹಿಜರಿ 633ರಲ್ಲಿ ಅವರನ್ನು ಭೇಟಿಯಾಗಿ, ಊರ ಹೊರಗೆ ಅವರೊಡನೆ ಗಿಡಗಳನ್ನು ನೋಡುತ್ತಾ ಅಲೆದರು. ಗುರುಗಳು ಒಂದು ಗಿಡದ ಹೆಸರು ಹೇಳಿದರೆ ಸಾಕು, ಡಯಾಸ್ಕೋರಿಡಿಸನ ಎಷ್ಟನೆಯ ಭಾಗದಲ್ಲಿ, ಎಷ್ಟನೆಯ ಗಿಡವಾಗಿ ಅದು ಬರುತ್ತದೆ ಎಂಬುದನ್ನೂ ಹೇಳುತ್ತಿದ್ದರು. ಪುಸ್ತಕ ತೆರೆದು ನೋಡಿದರೆ ಅದು ಸರಿಯಾಗಿಯೇ ಇರುತ್ತಿತ್ತು ಎಂದು ಈ ಶಿಷ್ಯರು ಬರೆದಿಟ್ಟಿದ್ದಾರೆ. ಗುರುಗಳ ಜ್ಞಾನದಷ್ಟೇ ಅವರ ಸದ್ಗುಣವನ್ನೂ ಅವರು ಮೆಚ್ಚಿದ್ದಾರೆ.

ಇಬ್ನುಲ್ ಬೈತಾರ್ ಅವರ ಮೇರುಕೃತಿ ಅಲ್ ಜಾಮಿ. ಔಷಧಿ ಮತ್ತು ಆಹಾರಗಳ ಈ ಬೃಹತ್ ಕೋಶವನ್ನು ಅವರು ಸುಲ್ತಾನ್ ಸಾಲಿಹ್ ಅಯ್ಯೂಬ್‌ರಿಗೆ ಅರ್ಪಿಸಿದರು. ಸುಮಾರು 1,400 ವಸ್ತುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ, ಸುಮಾರು 150 ಲೇಖಕರ ಮಾತುಗಳನ್ನು ಅವರವರ ಹೆಸರಿನಲ್ಲೇ ಕೊಟ್ಟರು. ಹಿಂದಿನವರ ತಪ್ಪುಗಳನ್ನು ತೋರಿಸಿದರು. ಬರ್ಬರ್ ಮತ್ತು ಅಂದಲುಸಿನ ಜನರ ಆಡುಮಾತಿನ ಹೆಸರುಗಳನ್ನೂ ಸೇರಿಸಿದರು. ಹಳ್ಳಿಗರ ಮಾತು ವಿದ್ವಾಂಸರ ಗ್ರಂಥದಲ್ಲಿ ಹೀಗೆ ಜಾಗ ಪಡೆಯಿತು.

1248ರಲ್ಲಿ ಅವರು ದಮಸ್ಕಸ್‌ನಲ್ಲಿ ನಿಧನರಾದರು. ಅದೇ ವರ್ಷ ಸೆವಿಲ್ ನಗರವೂ ಕ್ಯಾಸ್ಟಿಲ್‌ನ ದೊರೆಯ ಕೈಸೇರಿತು. ಗುರು ಅನ್ನಬಾತಿಯವರ ಪ್ರವಾಸಗ್ರಂಥ ಇಂದು ಉಳಿದಿಲ್ಲ. ಅದರಲ್ಲಿದ್ದ ಎಷ್ಟೋ ಸಂಗತಿಗಳು ನಮಗೆ ಸಿಗುವುದು ಶಿಷ್ಯರು ಗುರುಗಳ ಹೆಸರು ಹೇಳಿ ಅಲ್ ಜಾಮಿಯಲ್ಲಿ ಬರೆದಿಟ್ಟದ್ದರಿಂದಲೇ. ಅಲ್ ಜಾಮಿ 1874ರಲ್ಲಿ ಕೈರೋದ ಬೂಲಾಕ್‌ನಲ್ಲಿ ಅಚ್ಚಾಯಿತು. ಫ್ರೆಂಚ್ ಅನುವಾದ 1877ರಿಂದ 1883ರ ನಡುವೆ ಹೊರಬಂತು.

ವಿದ್ಯಾರ್ಥಿ ಮಿತ್ರರೇ, ನಮ್ಮ ಮನೆಗಳಲ್ಲೂ ಸೊಪ್ಪುಸದೆ, ಬೇರುನಾರು ಬಲ್ಲ ಅಜ್ಜಿ, ದಾದಿ, ನಾನಿಯರಿದ್ದಾರೆ. ಅವರೊಡನೆ ನಾವೂ ಒಮ್ಮೆ ಹೊಲದ ಬದುವಿಗೆ ಹೋಗೋಣ. ಗುರುತು ಸಿಗದ ಯಾವ ಗಿಡವನ್ನೂ ಬಾಯಿಗೆ ಇಡುವುದು ಬೇಡ. ಆದರೆ ಅವರು ತೋರಿಸಿದ ಗಿಡದ ಚಿತ್ರ ಬರೆದು, ಕನ್ನಡದ ಹೆಸರು, ಉರ್ದು ಹೆಸರು, ಹೇಳಿದವರ ಹೆಸರು ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ಅವರು ಹೋದ ಮೇಲೆ ಆ ಗಿಡ ಬದುವಿನಲ್ಲೇ ಇರುತ್ತದೆ, ಆದರೆ ಅದು ಯಾವುದೆಂದು ಹೇಳುವವರು ಇರುವುದಿಲ್ಲ.