ಪಂಚಾಕ್ಷರಿ ಗವಾಯಿಗಳು: ಬೋಧನಾಭ್ಯಾಸದಲ್ಲಿ ನಾನು ಹೇಳಿದ ಒಂದು ಜೀವನ ಕಥೆ

ನನ್ನ ಬೋಧನಾಭ್ಯಾಸ ಬಂಗಾರಪೇಟೆಯ ಪ್ರೌಢಶಾಲೆಯೊಂದರಲ್ಲಿ ನಡೆಯಿತು. ಕೆ.ಜಿ.ಎಫ್.ನ ನಮ್ಮ ಮನೆಯಿಂದ ದಿನವೂ ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ ಹೋಗುತ್ತಿದ್ದೆ. ನನಗೆ ಕೊಟ್ಟದ್ದು ಎಂಟನೇ ತರಗತಿಯ ಕನ್ನಡ. ಆ ತರಗತಿಯ ಹಿಂದಿನ ಬೆಂಚಿನಲ್ಲಿ ಹುಟ್ಟಿನಿಂದ ದೃಷ್ಟಿಯಿಲ್ಲದ ಹುಡುಗನೊಬ್ಬ ಕೂರುತ್ತಿದ್ದ.

ಮೊದಲ ಐದು ಪಾಠಗಳನ್ನು ಕಪ್ಪು ಹಲಗೆ, ಮಿಂಚುಪಟ್ಟಿ, ಚಾರ್ಟುಗಳಿಂದಲೇ ನಡೆಸಿದೆ. ಅವಲೋಕನಕ್ಕೆ ಬಂದ ನಮ್ಮ ಉಪನ್ಯಾಸಕರು ಪಾಠ ಚೆನ್ನಾಗಿತ್ತು ಎಂದರು. ಆ ಹುಡುಗನಿಗೆ ಅದರಲ್ಲಿ ಏನು ಸಿಕ್ಕಿತು ಎಂದು ಮಾತ್ರ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವನು ಗಲಾಟೆ ಮಾಡದೆ ಕೂತಿರುತ್ತಾನೆ ಎಂಬುದೇ ನನಗೆ ಅದುವರೆಗೆ ಸಮಾಧಾನವಾಗಿತ್ತು.

ಅಂಥ ಸಮಾಧಾನ ನನಗೆ ಹೊಸದೇನಲ್ಲ. ನನ್ನ ತಾತ ಗಣಿ ಕೆಲಸದಲ್ಲಿ ಕಣ್ಣು ಕಳೆದುಕೊಂಡವರು. ಆಮೇಲಿನ ವರ್ಷಗಳನ್ನೆಲ್ಲ ಲೈನ್ ಮನೆಯ ಬಾಗಿಲ ಬಳಿ ಕೂತೇ ಕಳೆದರು. ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಿದ್ದೆವು. ಆದರೆ ಮನೆಯ ಒಂದು ಕೆಲಸವನ್ನೂ ಅವರಿಗೆ ಹೇಳಲಿಲ್ಲ, ಯಾವ ವಿಷಯದಲ್ಲೂ ಅವರ ಮಾತು ಕೇಳಲಿಲ್ಲ. ಅದನ್ನೇ ಪ್ರೀತಿ ಎಂದುಕೊಂಡಿದ್ದೆವು.

ಆರನೇ ಪಾಠಕ್ಕೆ ನಾನು ಹಲಗೆಯನ್ನೂ ಚಾರ್ಟನ್ನೂ ಬಿಟ್ಟು, ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಜೀವನವನ್ನು ಕಥೆಯಾಗಿ ಹೇಳಿದೆ.

ಅವರು ಹುಟ್ಟಿದ್ದು 1892ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮನೆಯವರು ಇಟ್ಟ ಹೆಸರು ಗದಿಗೆಯ್ಯ. ಅವರಿಗೂ ಅವರ ಸಹೋದರ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಇಬ್ಬರಿಗೂ ಒಳ್ಳೆಯ ಕಂಠವಿತ್ತು. ಅದನ್ನು ಗುರುತಿಸಿದವರು ಹಾನಗಲ್ಲಿನ ಕುಮಾರ ಸ್ವಾಮಿಗಳು. ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಕಟ್ಟಿದವರೂ ಅವರೇ.

ಇಲ್ಲಿ ಕಥೆ ನಿಲ್ಲಿಸಿ ಮಕ್ಕಳನ್ನು ಒಂದು ಪ್ರಶ್ನೆ ಕೇಳಿದೆ. ಸ್ವಾಮಿಗಳು ಆ ಹುಡುಗರಿಗೆ ಮಠದಲ್ಲಿ ಎರಡು ಹೊತ್ತಿನ ಪ್ರಸಾದ ಕೊಟ್ಟು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು? ತರಗತಿ ಸ್ವಲ್ಪ ಹೊತ್ತು ಯೋಚಿಸಿತು. ಸ್ವಾಮಿಗಳು ಊಟದ ಜೊತೆಗೆ ವಿದ್ಯೆಗೂ ದಾರಿ ಮಾಡಿದರು. ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕಲಿತರು. ಮುಂದೆ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಕಲಿತರು. ಗುರು ಹಾಡುವುದು, ಶಿಷ್ಯ ಕೇಳಿ ತಿರುಗಿ ಹಾಡುವುದು, ಇದು ಆ ವಿದ್ಯೆಯ ಕ್ರಮ. ಅಲ್ಲಿ ಕಣ್ಣಿಲ್ಲದ ಶಿಷ್ಯನಿಗಾಗಿ ಪಾಠವನ್ನು ಕಡಿಮೆ ಮಾಡಬೇಕಾಗಲಿಲ್ಲ. ಕ್ರಮವೇ ಅವನನ್ನು ಒಳಗೆ ಸೇರಿಸಿಕೊಂಡಿತು.

ತಾವು ಕಲಿತದ್ದನ್ನು ಗವಾಯಿಗಳು ಅಂಧ, ಅನಾಥ, ಬಡ ಮಕ್ಕಳಿಗೆ ಕಲಿಸಲು ಹೊರಟರು. ಅವರ ಪಾಠಶಾಲೆಗೆ ಬಹುಕಾಲ ಕಟ್ಟಡವೇ ಇರಲಿಲ್ಲ. ಶಿಷ್ಯರನ್ನು ಕರೆದುಕೊಂಡು ಊರಿಂದೂರಿಗೆ ಹೋಗುವುದು, ಭಕ್ತರು ಕೊಟ್ಟದ್ದರಲ್ಲಿ ಎಲ್ಲರ ಹೊಟ್ಟೆ ತುಂಬಿಸುವುದು, ಉಳಿದ ಹೊತ್ತೆಲ್ಲ ಪಾಠ. ಖರ್ಚು ಸರಿದೂಗಿಸಲು ನಾಟಕ ಸಂಘವನ್ನೂ ಕಟ್ಟಿದರು. ಹಾಡುವವರು, ತಬಲಾ ನುಡಿಸುವವರು, ಹಾರ್ಮೋನಿಯಂ ಹಿಡಿಯುವವರು ಹೀಗೆ ಒಬ್ಬೊಬ್ಬ ಶಿಷ್ಯನಿಗೆ ಒಂದೊಂದು ಪಾಲು ಬಂತು. ಕಣ್ಣಿದ್ದವರೂ ಇಲ್ಲದವರೂ ಅಲ್ಲಿ ಜೊತೆಗೆ ಕಲಿತರು. ಹಿಂದೂಸ್ತಾನಿ ಗಾಯಕರಾಗಿ ಹೆಸರಾದ ಬಸವರಾಜ ರಾಜಗುರು ಅವರಿಗೆ ದೃಷ್ಟಿಯಿತ್ತು, ಅವರು ಕಲಿತದ್ದು ಈ ಅಂಧ ಗುರುವಿನ ಬಳಿ.

ಕೊನೆಗೆ ಪಾಠಶಾಲೆ ಗದುಗಿನಲ್ಲಿ ನೆಲೆ ನಿಂತಿತು. ಅದೇ ವೀರೇಶ್ವರ ಪುಣ್ಯಾಶ್ರಮ. 1944ರ ಜೂನ್ 11ರಂದು ಗವಾಯಿಗಳು ತೀರಿಕೊಂಡಾಗ ಆಶ್ರಮದ ಹೊಣೆ ಬಂದದ್ದು ಪುಟ್ಟರಾಜ ಗವಾಯಿಗಳಿಗೆ. ಅವರೂ ಶೈಶವದಲ್ಲೇ ದೃಷ್ಟಿ ಕಳೆದುಕೊಂಡವರು. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಆಶ್ರಮವನ್ನು ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂದಿತ್ತು. ಆ ಸಮಾಜ ಅಂಧನಿಗೆ ಊಟದ ಪಂಕ್ತಿಯಲ್ಲಿ ಎಲೆ ಹಾಕಿತು, ಗುರುವಿನ ಪೀಠವನ್ನೂ ಕೊಟ್ಟಿತು. ನನ್ನ ಪಾಠದ ತಿರುಳು ಇದೇ ಆಗಿತ್ತು.

ಕಥೆ ಮುಗಿದ ಮೇಲೆ ಒಬ್ಬ ಹುಡುಗಿ ಹಿಂದಿನ ಬೆಂಚಿನವನ ಕಡೆ ತಿರುಗಿ, ಅವನಿಂದಲೂ ಒಂದು ಹಾಡು ಹೇಳಿಸಬೇಕೆಂದಳು. ತನಗೆ ಹಾಡಲು ಬರುವುದಿಲ್ಲ, ಲೆಕ್ಕ ಇಷ್ಟ ಎಂದ ಅವನು. ನಾಲ್ಕು ಮಕ್ಕಳು ಕೊಟ್ಟ ಗುಣಾಕಾರಗಳನ್ನು ಬಾಯಲ್ಲೇ ಮಾಡಿ ತೋರಿಸಿದ. ನನಗೆ ನಾಚಿಕೆಯಾಯಿತು. ಅಂಧನೆಂದರೆ ಸಂಗೀತ ಎಂದು ನಾನೂ ಒಳಗೊಳಗೇ ತೀರ್ಮಾನಿಸಿದ್ದೆ. ಗವಾಯಿಗಳ ಜೀವನದಿಂದ ನಾವು ಕಲಿಯಬೇಕಾದದ್ದು ಎಲ್ಲರಿಗೂ ಹಾಡು ಕಲಿಸುವುದಲ್ಲ, ಯಾರಿಗೆ ಯಾವ ಪಾಲು ಎಂದು ಕೇಳಿ ತಿಳಿಯುವುದು.

ಉಳಿದ ಪಾಠಗಳಲ್ಲಿ ಹಲಗೆಯ ಮೇಲೆ ಬರೆದದ್ದನ್ನೆಲ್ಲ ಬರೆಯುತ್ತಲೇ ಗಟ್ಟಿಯಾಗಿ ಓದಿದೆ. ಚಿತ್ರ ತೋರಿಸುವಾಗ ಅದರಲ್ಲಿ ಏನಿದೆ ಎಂದು ಮಕ್ಕಳಿಂದಲೇ ಬಾಯಲ್ಲಿ ಹೇಳಿಸಿದೆ. ದಪ್ಪ ದಾರವನ್ನು ರಟ್ಟಿಗೆ ಅಂಟಿಸಿ ಮುಟ್ಟಿ ನೋಡುವ ನಕ್ಷೆ ಮಾಡಿದೆ. ಕಿರುಪರೀಕ್ಷೆಯಲ್ಲಿ ಅವನ ಉತ್ತರಗಳನ್ನು ಬಾಯಿಂದ ಕೇಳಿದೆ. ಇದರಿಂದ ಇತರ ಮಕ್ಕಳಿಗೂ ಅನುಕೂಲವಾಯಿತು, ಅದರಲ್ಲೂ ಮನೆಯಲ್ಲಿ ತಮಿಳು, ತೆಲುಗು ಆಡುವ ಮಕ್ಕಳಿಗೆ.

ಒಂದು ಸಂಜೆ ಅವನ ತಾಯಿ ಶಾಲೆಗೆ ಬಂದರು. ಎಂಟನೇ ತರಗತಿ ಮುಗಿದರೆ ಸಾಕು, ಮುಂದೆ ಮನೆಯಲ್ಲಿರಲಿ ಎಂಬುದು ಅವರ ಮನಸ್ಸು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಇಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಹತ್ತಿರದ ಶಾಲೆ ಅಥವಾ ವಿಶೇಷ ಶಾಲೆಯನ್ನು ಅವರೇ ಆರಿಸಿಕೊಳ್ಳಬಹುದು ಎಂದು ತಿಳಿಸಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಬರೆಯುವವರ ನೆರವೂ ಹೆಚ್ಚುವರಿ ಸಮಯವೂ ಸಿಗುತ್ತವೆ ಎಂದೂ ಹೇಳಿದೆ. ಯೋಚಿಸಿ ಹೇಳುತ್ತೇನೆ ಎಂದು ಹೋದರು. ನನ್ನ ಬೋಧನಾಭ್ಯಾಸ ಮುಗಿಯುವವರೆಗೂ ಉತ್ತರ ಬರಲಿಲ್ಲ. ಹುಡುಗ ಮಾತ್ರ ದಿನವೂ ಬರುತ್ತಿದ್ದ, ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ.

ಸಹಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಪಾಠ ಯೋಜನೆ ಬರೆಯುವಾಗ ಪ್ರತಿ ಹಂತದ ಎದುರಿಗೆ, ನೋಡಲಾಗದ, ಕೇಳಲಾಗದ, ಬರೆಯಲಾಗದ ಮಗು ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತದೆ ಎಂದು ಒಂದು ಸಾಲು ಬರೆಯಿರಿ. ಸುಮ್ಮನೆ ಕೂತಿರುತ್ತದೆ ಎಂದು ಬರೆಯಬೇಕಾಗಿ ಬಂದರೆ ಆ ಹಂತವನ್ನು ಮತ್ತೆ ರೂಪಿಸಿ.