ಮುಳುಗಿದ ಮಗಳಿಗಾಗಿ 12 ಕಿಟಕಿಗಳು: ಮಾರ್ಕ್ ಶಗಾಲ್ ಬದುಕಿನ ಕೊನೆಯ ಬೆಳಕು

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಟಾನ್‌ಬ್ರಿಜ್ ಪಟ್ಟಣಕ್ಕೆ ಸಮೀಪದಲ್ಲಿ ಟ್ಯೂಡ್ಲಿ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ಸರ್ವ ಸಂತರ ಚರ್ಚ್ ಹೊರನೋಟಕ್ಕೆ ಸಾಧಾರಣ ಕಟ್ಟಡ. ಇಟ್ಟಿಗೆಯ ಗೋಪುರ, ಸುತ್ತ ಹಳೆಯ ಸಮಾಧಿಗಳು, ಅದರಾಚೆಗೆ ಹೊಲಗಳು. ಒಳಗೆ ಕಾಲಿಟ್ಟವರು ಮಾತ್ರ ಒಂದು ಕ್ಷಣ ತಡೆದು ನಿಲ್ಲುತ್ತಾರೆ. ನಾಲ್ಕೂ ದಿಕ್ಕಿನಿಂದ ನೀಲಿ ಮತ್ತು ಹೊಂಬಣ್ಣದ ಬೆಳಕು ನೆಲದ ಮೇಲೆ ಹರಡಿರುತ್ತದೆ. ಈ ಚರ್ಚಿನ 12 ಕಿಟಕಿಗಳನ್ನೂ ರೂಪಿಸಿದವರು 20ನೇ ಶತಮಾನದ ಮಹಾನ್ ಚಿತ್ರಕಾರ ಮಾರ್ಕ್ ಶಗಾಲ್. ಚರ್ಚೊಂದರ ಎಲ್ಲ ಕಿಟಕಿಗಳೂ ಅವರದೇ ಆಗಿರುವುದು ಜಗತ್ತಿನಲ್ಲಿ ಇಲ್ಲಿ ಮಾತ್ರ.

ಶಗಾಲ್ ಕ್ರೈಸ್ತರಲ್ಲ, ಇಂಗ್ಲಿಷರೂ ಅಲ್ಲ. ಇಂದಿನ ಬೆಲಾರುಸ್ ದೇಶಕ್ಕೆ ಸೇರಿದ, ಅಂದು ರಷ್ಯಾ ಸಾಮ್ರಾಜ್ಯದ ಭಾಗವಾಗಿದ್ದ ವೀಟೆಬ್ಸ್ಕ್‌ನ ಯೆಹೂದಿ ಕುಟುಂಬವೊಂದರಲ್ಲಿ 1887ರಲ್ಲಿ ಅವರು ಜನಿಸಿದರು. ತಂದೆ ಮೀನಿನ ಮಂಡಿಯೊಂದರಲ್ಲಿ ಉಪ್ಪುಮೀನಿನ ಪೀಪಾಯಿಗಳನ್ನು ಹೊರುವ ಕೂಲಿ. ತಾಯಿ ಮನೆಯಲ್ಲೇ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡಿದ್ದರು. ಮಕ್ಕಳು ಹಲವರು, ಮಾರ್ಕ್ ಹಿರಿಯವರು. ವಿಗ್ರಹಕ್ಕೂ ಚಿತ್ರಕ್ಕೂ ಎಡೆಯಿಲ್ಲದ ಸಂಪ್ರದಾಯಸ್ಥ ಮನೆತನ ಅದು. ಅಂಥ ಮನೆಯ ಹುಡುಗ ಊರಿನ ಚಿತ್ರಶಾಲೆಯಲ್ಲಿ ಯೆಹುದಾ ಪೆನ್ ಎಂಬ ಗುರುವಿನ ಬಳಿ ಕುಂಚ ಹಿಡಿದದ್ದೇ ಒಂದು ಸಾಹಸ.

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೆಲಕಾಲ ಕಲಿತು ಶಗಾಲ್ ಪ್ಯಾರಿಸ್ ಸೇರಿದರು. ಬಡ ಕಲಾವಿದರಿಂದ ಕಿಕ್ಕಿರಿದಿದ್ದ 'ಜೇನುಗೂಡು' ಎಂಬ ಹೆಸರಿನ ಕಟ್ಟಡದಲ್ಲಿ ವಾಸ. ಅಲ್ಲಿ ಎಲ್ಲರೂ ಹೊಸ ಪಂಥಗಳ ಗುಂಗಿನಲ್ಲಿದ್ದಾಗ ಅವರ ಚಿತ್ರಗಳಲ್ಲಿ ವೀಟೆಬ್ಸ್ಕ್ ಊರೇ ಮತ್ತೆಮತ್ತೆ ಮೂಡಿತು: ಮಾಡಿನ ಮೇಲೆ ಕುಳಿತ ಪಿಟೀಲುವಾದಕ, ಹಸು, ಹುಂಜ, ಆಕಾಶದಲ್ಲಿ ತೇಲುವ ಪ್ರೇಮಿಗಳು. 1914ರಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶನ ನಡೆಸಿ ಅಲ್ಪಕಾಲಕ್ಕೆಂದು ಊರಿಗೆ ಹೋದವರು ಮಹಾಯುದ್ಧದಿಂದಾಗಿ ಅಲ್ಲಿಯೇ ಸಿಲುಕಿದರು. 1915ರಲ್ಲಿ ಬೆಲ್ಲಾ ರೋಸೆನ್‌ಫೆಲ್ಡ್ ಅವರನ್ನು ವರಿಸಿದರು. ಕ್ರಾಂತಿಯ ನಂತರ 1918ರಲ್ಲಿ ವೀಟೆಬ್ಸ್ಕ್ ಪ್ರಾಂತ್ಯದ ಕಲಾ ಕಮಿಸಾರ್ ಹುದ್ದೆ ದೊರೆಯಿತು. ಕ್ರಾಂತಿಯ ವರ್ಷಾಚರಣೆಗೆ ಅವರ ನೇತೃತ್ವದಲ್ಲಿ ಊರೆಲ್ಲ ಹಸಿರು ಹಸುಗಳ, ಹಾರುವ ಕುದುರೆಗಳ ಪತಾಕೆಗಳು ಏರಿದಾಗ ಅಧಿಕಾರಿಗಳು ಕಕ್ಕಾಬಿಕ್ಕಿಯಾದರು. ತಾವೇ ಸ್ಥಾಪಿಸಿದ ಕಲಾಶಾಲೆಯಲ್ಲಿ ಮಾಲೆವಿಚ್ ಅವರ ಪ್ರಭಾವ ಬೆಳೆದು, 1920ರಲ್ಲಿ ಶಗಾಲ್ ಬೇಸತ್ತು ಹೊರನಡೆದರು. ಆಡಳಿತ ಅವರಿಗೆ ಒಗ್ಗುವ ಕೆಲಸವೂ ಆಗಿರಲಿಲ್ಲ. 1922ರಲ್ಲಿ ರಷ್ಯಾವನ್ನೇ ತೊರೆದು ಮರುವರ್ಷ ಪ್ಯಾರಿಸ್‌ಗೆ ಮರಳಿದರು.

ಟ್ಯೂಡ್ಲಿಯ ಕಿಟಕಿಗಳ ಬೇರು ಇರುವುದು ಇದರ ನಂತರದ ಎರಡು ದಶಕಗಳಲ್ಲಿ. ಜರ್ಮನಿಯಲ್ಲಿ ಯೆಹೂದಿಗಳ ಬೇಟೆ ತೀವ್ರಗೊಂಡ 1938ರಲ್ಲಿ ಶಗಾಲ್ 'ಶ್ವೇತ ಶಿಲುಬೆ' ಎಂಬ ಚಿತ್ರ ಬರೆದರು. ಅದರಲ್ಲಿ ಶಿಲುಬೆಗೇರಿದ ಕ್ರಿಸ್ತನ ಸೊಂಟಕ್ಕೆ ಯೆಹೂದಿಗಳು ಪ್ರಾರ್ಥನೆಯ ವೇಳೆ ಹೊದೆಯುವ ಶಾಲು ಸುತ್ತಿದೆ. ಸುತ್ತಲೂ ಉರಿಯುವ ಮಂದಿರ, ದಿಕ್ಕಾಪಾಲಾಗಿ ಓಡುವ ಜನ. ಕ್ರಿಸ್ತ ಅವರ ಕಣ್ಣಿಗೆ ಅನ್ಯಧರ್ಮದ ದೇವರಾಗಿ ಕಾಣಲಿಲ್ಲ. ತಮ್ಮ ಜನಾಂಗದಲ್ಲೇ ಹುಟ್ಟಿ ನೋವುಂಡ ಮನುಷ್ಯನಾಗಿ ಕಂಡ. ಇದು ಯೆಹೂದಿಗಳಲ್ಲೂ ಕ್ರೈಸ್ತರಲ್ಲೂ ಕೆಲವರಿಗೆ ಇರಿಸುಮುರಿಸು ಉಂಟುಮಾಡಿದ್ದರೆ ಅಚ್ಚರಿಯಿಲ್ಲ.

ನಾಜಿಗಳು ಫ್ರಾನ್ಸನ್ನು ಆಕ್ರಮಿಸಿದ ಬಳಿಕ, ಅಮೆರಿಕದ ವೇರಿಯನ್ ಫ್ರೈ ಮತ್ತಿತರರ ನೆರವಿನಿಂದ ಶಗಾಲ್ ದಂಪತಿ 1941ರ ಜೂನ್‌ನಲ್ಲಿ ನ್ಯೂಯಾರ್ಕ್ ತಲುಪಿದರು. ಹಿಟ್ಲರನ ಸೇನೆ ಸೋವಿಯತ್ ನೆಲಕ್ಕೆ ನುಗ್ಗಿದ್ದೂ ಅದೇ ದಿನಗಳಲ್ಲಿ. ವೀಟೆಬ್ಸ್ಕ್ ಬೂದಿಯಾಯಿತು, ಅಲ್ಲಿ ಉಳಿದಿದ್ದ ಯೆಹೂದಿಗಳ ಹತ್ಯೆಯಾಯಿತು. 1944ರ ಸೆಪ್ಟೆಂಬರ್‌ನಲ್ಲಿ ಬೆಲ್ಲಾ ಸೋಂಕಿಗೆ ತುತ್ತಾಗಿ ಹಠಾತ್ತನೆ ತೀರಿಕೊಂಡರು. ಶಗಾಲ್ ತಮ್ಮ ಕ್ಯಾನ್ವಾಸ್‌ಗಳನ್ನೆಲ್ಲ ಗೋಡೆಯ ಕಡೆಗೆ ತಿರುಗಿಸಿಟ್ಟರು. ತಿಂಗಳುಗಟ್ಟಲೆ ಕುಂಚ ಮುಟ್ಟಲಿಲ್ಲ. ಅವರು 1948ರಲ್ಲಿ ಫ್ರಾನ್ಸ್‌ಗೆ ಮರಳಿದರು, 1952ರಲ್ಲಿ ವಾಲೆಂಟಿನಾ ಬ್ರಾಡ್‌ಸ್ಕಿ ಅವರನ್ನು ಮದುವೆಯಾದರು. 1973ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಭೇಟಿ ನೀಡಿದಾಗಲೂ ವೀಟೆಬ್ಸ್ಕ್‌ಗೆ ಮಾತ್ರ ಹೋಗಲಿಲ್ಲ.

ಶಗಾಲ್ ಗಾಜಿನತ್ತ ಹೊರಳಿದ್ದು 70ರ ಆಸುಪಾಸಿನಲ್ಲಿ. ಮನುಷ್ಯರು ವಿಶ್ರಾಂತಿ ಬಯಸುವ ವಯಸ್ಸು ಅದು. ಫ್ರಾನ್ಸಿನ ಮೆಟ್ಸ್ ಕೆಥೆಡ್ರಲ್‌ನ ಕೆಲಸದ ನಿಮಿತ್ತ ರ‍್ಯಾನ್ಸ್ ನಗರದ ಗಾಜುಕುಶಲಿ ಶಾರ್ಲ್ ಮಾರ್ಕ್ ಅವರ ಪರಿಚಯವಾಯಿತು. ಈ ಜೊತೆಗಾರಿಕೆ ಇಲ್ಲದಿದ್ದರೆ ಟ್ಯೂಡ್ಲಿಯ ಬೆಳಕು ಇರುತ್ತಿರಲಿಲ್ಲ. ಸಾಂಪ್ರದಾಯಿಕ ಪದ್ಧತಿಯಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಗಾಜಿನ ತುಂಡು. ತುಂಡುಗಳನ್ನು ಸೀಸದ ಪಟ್ಟಿಯಿಂದ ಬೆಸೆಯಬೇಕು. ಹೀಗಾಗಿ ಬಣ್ಣ ಬದಲಾದಲ್ಲೆಲ್ಲ ಕಪ್ಪು ಗೆರೆ ಅಡ್ಡ ಬರುತ್ತದೆ. ಮಾರ್ಕ್ ಬಳಸಿದ್ದು ಮೇಲ್ಪದರದಲ್ಲಿ ಮಾತ್ರ ತೆಳುವಾಗಿ ಬಣ್ಣವಿರುವ ಗಾಜು. ಆ ಪದರವನ್ನು ಆಮ್ಲದಿಂದ ಬೇಕಾದಷ್ಟೇ ಕರಗಿಸಿದರೆ ಒಂದೇ ತುಂಡಿನಲ್ಲಿ ಕಡುನೀಲಿಯಿಂದ ಬಿಳಿಯವರೆಗೆ ಛಾಯೆಗಳು ಮೂಡುತ್ತವೆ. ನಂತರ ಶಗಾಲ್ ಸ್ವತಃ ಗಾಜಿನ ಮೇಲೆ ಕಪ್ಪು ವರ್ಣದಿಂದ ಮುಖ, ಮರ, ಹಕ್ಕಿಗಳನ್ನು ಬರೆಯುತ್ತಿದ್ದರು, ಗೀರುತ್ತಿದ್ದರು, ಒರೆಸುತ್ತಿದ್ದರು. ಬಳಿಕ ಕುಲುಮೆಯಲ್ಲಿ ಸುಟ್ಟು ಗಟ್ಟಿಗೊಳಿಸಲಾಗುತ್ತಿತ್ತು. ವೃದ್ಧಾಪ್ಯದ ಶಗಾಲ್ ಹಳೆಯ ಆಕೃತಿಗಳನ್ನೇ ಮತ್ತೆಮತ್ತೆ ಬರೆದರೆಂಬ ಆಕ್ಷೇಪವಿದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಗಾಜಿನಲ್ಲಿ ಅವೇ ಆಕೃತಿಗಳು ದಿನದ ಬೆಳಕಿನೊಂದಿಗೆ ಬದಲಾಗುತ್ತ ಹೋಗುವುದರಿಂದ ಹಳತೆನಿಸುವುದಿಲ್ಲ.

ಜೆರುಸಲೇಮಿನ ಹದಸ್ಸಾ ಆಸ್ಪತ್ರೆಯ ಪ್ರಾರ್ಥನಾ ಮಂದಿರಕ್ಕಾಗಿ ಈ ಜೋಡಿ ಸಿದ್ಧಪಡಿಸಿದ 12 ಕಿಟಕಿಗಳು 1961ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನಗೊಂಡವು. ನೋಡಲು ಬಂದವರಲ್ಲಿ ಇಂಗ್ಲೆಂಡಿನ ಒಬ್ಬ ತಾಯಿ ಮತ್ತು ಮಗಳೂ ಇದ್ದರು. ತಾಯಿ ಲೇಡಿ ರೋಸ್‌ಮೇರಿ ಡಾವಿಗ್ಡರ್ ಗೋಲ್ಡ್‌ಸ್ಮಿಡ್, ಮಗಳು ಸಾರಾ. ತಂದೆ ಸರ್ ಹೆನ್ರಿ ಬ್ರಿಟನ್ ಸಂಸತ್ ಸದಸ್ಯರು, ಯೆಹೂದಿ. ತಾಯಿ ಆಂಗ್ಲಿಕನ್ ಪಂಥದವರು. ಮಕ್ಕಳು ಬೆಳೆದದ್ದೂ ಅದೇ ಪಂಥದಲ್ಲಿ. ಟ್ಯೂಡ್ಲಿಗೆ ಹತ್ತಿರದ ಸೋಮರ್‌ಹಿಲ್ ಬಂಗಲೆ ಅವರ ಮನೆ. ಪ್ಯಾರಿಸ್‌ನಲ್ಲಿ ಕಂಡ ಗಾಜಿನ ಬಣ್ಣಗಳಿಗೆ ಸಾರಾ ಮಾರುಹೋಗಿದ್ದಳು. ಎರಡು ವರ್ಷಗಳ ಬಳಿಕ, 1963ರಲ್ಲಿ, ರೈ ಎಂಬಲ್ಲಿನ ಕಡಲಿನಲ್ಲಿ ಹಾಯಿದೋಣಿ ದುರಂತಕ್ಕೀಡಾಗಿ ಆಕೆ ಮೃತಪಟ್ಟಳು. ಆಗ ವಯಸ್ಸು 21.

ಮಗಳ ನೆನಪಿಗೆ ಊರಿನ ಚರ್ಚಿನ ಪೂರ್ವ ದಿಕ್ಕಿನ ಕಿಟಕಿಯನ್ನು ಹೊಸದಾಗಿ ಮಾಡಿಸಲು ತಂದೆತಾಯಿ ಬಯಸಿದರು, ಅದನ್ನು ಶಗಾಲ್ ಅವರೇ ಮಾಡಬೇಕೆಂದು ಕೋರಿದರು. ಸ್ಮಾರಕ ಕಿಟಕಿ ಶಗಾಲ್ ಅವರಿಗೆ ಹೊಸದಲ್ಲ. ವಿಮಾನ ಅಪಘಾತದಲ್ಲಿ ಮಡಿದ ಡಾಗ್ ಹ್ಯಾಮರ್‌ಷೋಲ್ಡ್ ಅವರ ನೆನಪಿನ ಗಾಜು 1964ರಲ್ಲಿ ವಿಶ್ವಸಂಸ್ಥೆಯ ಕಟ್ಟಡ ಸೇರಿತ್ತು. ನ್ಯೂಯಾರ್ಕ್ ರಾಜ್ಯದ ಪೊಕಾಂಟಿಕೊ ಹಿಲ್ಸ್ ಚರ್ಚಿಗೆ ರಾಕ್‌ಫೆಲರ್ ಕುಟುಂಬಕ್ಕಾಗಿಯೂ ಅವರು ಕೆಲಸ ಮಾಡಿದ್ದರು. ಆದರೂ ಹೆಸರೇ ಕೇಳದ ಹಳ್ಳಿಯ ಈ ಕೋರಿಕೆಗೆ ಅವರು ಮೊದಲು ಹಿಂಜರಿದರು. ಕೊನೆಗೆ ಒಪ್ಪಿದರು.

ಪೂರ್ವದ ಕಿಟಕಿಯ ತಳದಲ್ಲಿ ಅಲೆಗಳ ನಡುವೆ ತೇಲುವ ಯುವತಿ. ಪಕ್ಕದಲ್ಲಿ ಶೋಕಿಸುವವರು, ಮಕ್ಕಳನ್ನು ಅಪ್ಪಿಕೊಂಡ ತಾಯಿ. ಅಲ್ಲಿಂದ ಒಂದು ಏಣಿ ಮೇಲಕ್ಕೆ ಸಾಗುತ್ತದೆ, ನೀಲಿಯ ಮಧ್ಯೆ ಒಂದು ಕೆಂಪು ಕುದುರೆ, ತುದಿಯಲ್ಲಿ ಶಿಲುಬೆಯ ಮೇಲಿನ ಕ್ರಿಸ್ತ. 1938ರ ಚಿತ್ರದಲ್ಲಿ ಏಣಿ, ಶಿಲುಬೆ, ಬೆಂಕಿ ಎಲ್ಲವೂ ಇದ್ದವು. ಇಲ್ಲಿ ಬೆಂಕಿಯಿಲ್ಲ, ನೀರಿದೆ. ಒಂದು ಜನಾಂಗದ ಸಾವಿಗೆ ಬಳಸಿದ ಆಕೃತಿಗಳನ್ನೇ ಒಬ್ಬಳು ಹುಡುಗಿಯ ಸಾವಿಗೆ ತಂದಿರುವುದು ಕೆಲವರಿಗೆ ಹೆಚ್ಚೆನಿಸಬಹುದು. ಮಕ್ಕಳನ್ನು ಕಳೆದುಕೊಂಡ ಹೆತ್ತವರಿಗೆ ಖಂಡಿತ ಹಾಗೆನಿಸದು.

ಈ ಕಿಟಕಿ ಸ್ಥಾಪನೆಯಾದದ್ದು 1967ರಲ್ಲಿ. ಜೆರುಸಲೇಮಿನ ಕಿಟಕಿಗಳಲ್ಲಿ ಕೆಲವು ಯುದ್ಧದಲ್ಲಿ ಜಖಂಗೊಂಡದ್ದು ಕೂಡ ಅದೇ ವರ್ಷ. ಸಮರ್ಪಣೆಗೆ ಟ್ಯೂಡ್ಲಿಗೆ ಬಂದ 80ರ ಶಗಾಲ್ ಚರ್ಚಿನ ಒಳಗನ್ನು ಕಂಡು ಮನಸೋತರು, ಉಳಿದ ಕಿಟಕಿಗಳನ್ನೂ ತಾವೇ ಮಾಡಿಕೊಡುವುದಾಗಿ ಹೇಳಿದರು. ಒಂದಕ್ಕೆಂದು ಆರಂಭವಾದ ಕೆಲಸ 12ಕ್ಕೆ ಬೆಳೆಯಿತು.

ಕೆಲಸ ಸಲೀಸಾಗಿ ನಡೆಯಲಿಲ್ಲ. ಬಲಿಪೀಠವಿರುವ ಭಾಗದ ಕಿಟಕಿಗಳಲ್ಲಿ ವಿಕ್ಟೋರಿಯಾ ಕಾಲದ ಬಣ್ಣದ ಗಾಜುಗಳಿದ್ದವು. ಹೊಸತಕ್ಕಾಗಿ ಅವುಗಳನ್ನು ಕೀಳಬೇಕೇ ಎಂಬ ಪ್ರಶ್ನೆ ಎದ್ದಿತು. ತಲೆಮಾರುಗಳಿಂದ ಜನ ನೋಡುತ್ತ ಪ್ರಾರ್ಥಿಸಿದ ಗಾಜುಗಳವು. ವಿಶ್ವವಿಖ್ಯಾತರ ಕೃತಿ ಬಂತೆಂದು ತೆರವು ಮಾಡುವುದು ಸುಲಭವಲ್ಲ, ಸರಿಯೂ ಅಲ್ಲ ಎಂದರೆ ತಪ್ಪಾಗದು. ಸರ್ ಹೆನ್ರಿ 1976ರಲ್ಲಿ ನಿಧನರಾದರು. ಕೆಲಸ ಪೂರ್ಣಗೊಂಡದ್ದನ್ನು ಅವರು ಕಾಣಲಿಲ್ಲ. ಇತ್ತ ಶಗಾಲ್ ತೊಂಬತ್ತು ದಾಟಿಯೂ ಕೈಚೆಲ್ಲಲಿಲ್ಲ. ಜರ್ಮನಿಯ ಮೈನ್ಸ್ ನಗರದ ಚರ್ಚಿಗೂ ಅದೇ ವರ್ಷಗಳಲ್ಲಿ ಕಿಟಕಿಗಳನ್ನು ರಚಿಸುತ್ತಿದ್ದರು.

1985ರ ಮಾರ್ಚ್ 28ರಂದು ಫ್ರಾನ್ಸಿನ ಸೇಂಟ್ ಪಾಲ್ ದ ವಾನ್ಸ್‌ನಲ್ಲಿ ಶಗಾಲ್ ಕೊನೆಯುಸಿರೆಳೆದರು. ವಯಸ್ಸು 97. ಟ್ಯೂಡ್ಲಿಯ ಕೊನೆಯ ಕಿಟಕಿಗಳು ಗೋಡೆಗೇರಿದ್ದು ಅದೇ ವರ್ಷ. ತೆಗೆದ ಹಳೆಯ ಗಾಜುಗಳನ್ನು ಊರಿನವರು ಎಸೆಯಲಿಲ್ಲ. ಪಾದ್ರಿಗಳು ಉಡುಪು ತೊಡುವ ಪಕ್ಕದ ಕೋಣೆಯಲ್ಲಿ ಅವನ್ನು ಇರಿಸಿದರು. ಅಲ್ಲಿ ಅವುಗಳ ಹಿಂದೆ ಬಿಸಿಲಿಲ್ಲ, ವಿದ್ಯುತ್ ದೀಪ ಉರಿಯುತ್ತದೆ.